ದಶಾಜ್ಞೆಗಳಲ್ಲಿ ಆರನೆಯದು ಯಾವುದು?

ಕ್ರೈಸ್ತ ಮತ್ತು ಯೆಹೂದ್ಯ ನೀತಿಶಾಸ್ತ್ರವನ್ನೂ ಆ ಎರಡು ಧರ್ಮಗಳ ದಿನನಿತ್ಯದ ಆಚರಣೆಯನ್ನೂ ವಿಶ್ವವಿದ್ಯಾಲಯಗಳಲ್ಲಿ ಓದುವ ಬಗ್ಗೆ ಈ ಅಂಕಣದಲ್ಲಿ ಹಿಂದೊಮ್ಮೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಕಾಗದಗಳಲ್ಲಿ ಏಳನ್ನು ಆರಿಸಿ ಈ ಸಲ ಉತ್ತರಿಸಿದ್ದೇನೆ. ಹೆಸರು ಹಾಕಬೇಡಿರೆಂದು ಕೆಲವರು ಕೇಳಿಕೊಂಡಿದ್ದರಿಂದ ಎಲ್ಲರ ಹೆಸರನ್ನೂ ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ‘ದೈವಶಾಸ್ತ್ರ ಮತ್ತು ಧರ್ಮ’ ಎಂಬ ಪದವಿಗೆ ಸೀಟು ಸಿಕ್ಕಿದೆ. ಕ್ರೈಸ್ತ ನೀತಿಶಾಸ್ತ್ರ, ಯೆಹೂದ್ಯ ನೀತಿಶಾಸ್ತ್ರ ಎಂಬ ಪತ್ರಿಕೆಗಳು ಅದರಲ್ಲಿವೆಯಂತೆ. ನಮ್ಮದು ನಿತ್ಯಪೂಜೆ ನಡೆಯುವ ಮನೆ. ಇದು ಪಾದ್ರಿಗಳನ್ನೂ ಕನ್ಯಾಸ್ತ್ರೀಯರನ್ನೂ ತಯಾರು ಮಾಡುವ ಓದೇ? ಇದನ್ನು ಓದಿದವರಿಗೆ ಹೊಟ್ಟೆಪಾಡು ಹೇಗೆ? — ಒಬ್ಬ ತಂದೆ, ಸಾಗರ

ಉತ್ತರ: ನಿಮ್ಮ ಆತಂಕ ನೂರೈವತ್ತು ವರ್ಷಗಳ ಹಿಂದಿನದಾಗಿದ್ದರೆ ಪೂರ್ತಿ ಸರಿಯಾಗಿರುತ್ತಿತ್ತು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳಲ್ಲಿ ಬಹಳ ಕಾಲ ಇಂಗ್ಲೆಂಡಿನ ಅಧಿಕೃತ ಸಭೆಯಾದ ಆಂಗ್ಲಿಕನ್ ಚರ್ಚಿನ ಸಿದ್ಧಾಂತವನ್ನು ಒಪ್ಪಿ ಸಹಿ ಹಾಕದವರಿಗೆ ಪದವಿ ಸಿಗುತ್ತಿರಲಿಲ್ಲ. ಯೆಹೂದ್ಯರಿರಲಿ, ಕ್ಯಾಥೊಲಿಕರೂ ಹೊರಗೇ ನಿಲ್ಲಬೇಕಿತ್ತು. ಈ ಬೇಲಿಗೆ ಬೇಸತ್ತವರು 1826ರಲ್ಲಿ ಲಂಡನ್ನಿನಲ್ಲಿ ಯಾವ ಮತದ ಪರೀಕ್ಷೆಯೂ ಇಲ್ಲದ ಯೂನಿವರ್ಸಿಟಿ ಕಾಲೇಜನ್ನು ತೆರೆದರು. ಅದನ್ನು ನೋಡಿ ಗಾಬರಿಯಾದ ಆಂಗ್ಲಿಕನರು 1829ರಲ್ಲಿ ಅದೇ ಊರಿನಲ್ಲಿ ಕಿಂಗ್ಸ್ ಕಾಲೇಜನ್ನು ಸ್ಥಾಪಿಸಿದರು. ಕಡೆಗೆ 1871ರ ಕಾನೂನು ಮತಪರೀಕ್ಷೆಯನ್ನು ತೆಗೆದುಹಾಕಿತಾದರೂ ದೈವಶಾಸ್ತ್ರದ ಪದವಿಗಳಿಗೆ ಮಾತ್ರ ಅದನ್ನು ಅನ್ವಯಿಸಲಿಲ್ಲ. ಎಂದರೆ, ನಿಮ್ಮ ಮಗಳು ಸೇರಲಿರುವ ವಿಭಾಗವೇ ಎಲ್ಲಕ್ಕಿಂತ ಕೊನೆಗೆ ಬಾಗಿಲು ತೆರೆದದ್ದು. ಈಗ ಅಲ್ಲಿ ನಂಬುವವರು, ನಂಬದವರು, ಬೇರೆ ಧರ್ಮದವರು ಒಂದೇ ಬೆಂಚಿನಲ್ಲಿ ಕೂತು ಓದುತ್ತಾರೆ. ಉತ್ತರಪತ್ರಿಕೆಗೆ ಅಂಕ ಕೊಡುವಾಗ ಮೇಷ್ಟ್ರು ನೋಡುವುದು ವಾದದ ಬಿಗಿಯನ್ನು. ಬರೆದವಳ ನಂಬಿಕೆ ಅವರ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಎಲ್ಲ ದೇಶಗಳಲ್ಲೂ ವ್ಯವಸ್ಥೆ ಹೀಗೆಯೇ ಇಲ್ಲ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ದೈವಶಾಸ್ತ್ರದ ನಿಕಾಯಗಳು ಇಂದಿಗೂ ಪಂಗಡವಾರು ಇವೆ. ಟ್ಯೂಬಿಂಗೆನ್‌ನಲ್ಲಿ ಪ್ರೊಟೆಸ್ಟೆಂಟ್ ನಿಕಾಯ ಒಂದು, ಕ್ಯಾಥೊಲಿಕ್ ನಿಕಾಯ ಇನ್ನೊಂದು. ಸಭಾಪಾಲಕರಾಗುವವರೂ ಅಲ್ಲಿಯೇ ಓದುವುದರಿಂದ ಪ್ರಾಧ್ಯಾಪಕರ ನೇಮಕದಲ್ಲಿ ಚರ್ಚಿನ ಮಾತಿಗೂ ಬೆಲೆಯಿದೆ. ಅಮೆರಿಕದಲ್ಲಿ 1963ರ ಒಂದು ಪ್ರಸಿದ್ಧ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಸರ್ಕಾರಿ ಶಾಲೆಯಲ್ಲಿ ಬೈಬಲ್ ಪಠಣವನ್ನು ಆಚರಣೆಯಾಗಿ ನಡೆಸುವುದು ಸಂವಿಧಾನಬಾಹಿರವೆಂದೂ, ಅದೇ ಬೈಬಲನ್ನು ಸಾಹಿತ್ಯವಾಗಿ, ಚರಿತ್ರೆಯಾಗಿ ಪಾಠ ಮಾಡಲು ಅಡ್ಡಿಯಿಲ್ಲವೆಂದೂ ಹೇಳಿತು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಧರ್ಮಗಳ ಅಧ್ಯಯನ ವಿಭಾಗಗಳು ಬೆಳೆಯಲು ಆ ತೀರ್ಪು ಬಹಳ ಒತ್ತಾಸೆಯಾಯಿತು. ಆದ್ದರಿಂದ ಸೀಟು ಕೊಟ್ಟ ವಿಭಾಗ ಈ ಮೂರರಲ್ಲಿ ಯಾವ ಬಗೆಯದು ಎಂಬುದನ್ನು ಅವರ ಪಠ್ಯಕ್ರಮ ತರಿಸಿಕೊಂಡು ನೋಡಿ.

ಅವಳ ನಂಬಿಕೆಯ ಬಗ್ಗೆ ನಾನು ಭರವಸೆ ಕೊಡಲಾರೆ. ಎಂಜಿನಿಯರಿಂಗ್ ಓದಲು ಹೋದವರ ನಂಬಿಕೆಗೂ ಯಾರೂ ಭರವಸೆ ಕೊಡುವುದಿಲ್ಲ. ಹೊಟ್ಟೆಪಾಡಿನ ಮಾತಿಗೆ ಬಂದರೆ, ಈ ಪದವಿ ಪಡೆದವರು ಅಧ್ಯಾಪನ, ಕಾನೂನು, ಪತ್ರಿಕಾವೃತ್ತಿ, ಆಡಳಿತ ಸೇವೆ, ಆಸ್ಪತ್ರೆಗಳ ನೈತಿಕ ಸಲಹಾ ಸಮಿತಿಗಳು, ಸೇವಾಸಂಸ್ಥೆಗಳು ಹೀಗೆ ಹಲವು ಕಡೆ ಇದ್ದಾರೆ. ಇತಿಹಾಸ ಅಥವಾ ತತ್ತ್ವಶಾಸ್ತ್ರದ ಪದವೀಧರರಿಗಿರುವಷ್ಟೇ ಅವಕಾಶ, ಅಷ್ಟೇ ಕಷ್ಟ. ವೆಚ್ಚ ದೊಡ್ಡದು. ಸಾಲ ಮಾಡಿ ಕಳಿಸುವುದಾದರೆ ಎರಡು ಸಲ ಯೋಚಿಸಿ.

ಪ್ರಶ್ನೆ: ದಶಾಜ್ಞೆಗಳು ಎರಡೂ ಧರ್ಮಗಳಿಗೆ ಸಮಾನವೆಂದ ಮೇಲೆ ನೀತಿಶಾಸ್ತ್ರಕ್ಕೆ ಎರಡು ಪತ್ರಿಕೆಗಳೇಕೆ? ಯೆಹೂದ್ಯರದು ನಿಯಮದ ಧರ್ಮ, ಕ್ರೈಸ್ತರದು ಪ್ರೀತಿಯ ಧರ್ಮ ಎಂದು ನಮ್ಮ ಗೈಡಿನಲ್ಲಿದೆ. ಪರೀಕ್ಷೆಯಲ್ಲಿ ಅಷ್ಟು ಬರೆದರೆ ಸಾಲದೇ? — ಎಂ.ಎ. ವಿದ್ಯಾರ್ಥಿನಿ, ಮೈಸೂರು

ಉತ್ತರ: ಸಾಲದು. ಆ ಗೈಡನ್ನು ರದ್ದಿಗೆ ಹಾಕಿದರೂ ನಷ್ಟವಿಲ್ಲ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ನಿಮ್ಮ ಕ್ಯಾಥೊಲಿಕ್ ಗೆಳತಿಯೊಬ್ಬಳನ್ನು ದಶಾಜ್ಞೆಗಳಲ್ಲಿ ಆರನೆಯದು ಯಾವುದೆಂದು ಕೇಳಿ. ವ್ಯಭಿಚಾರ ಮಾಡಬಾರದೆಂಬುದು ಎನ್ನುತ್ತಾಳೆ. ಅದೇ ಪ್ರಶ್ನೆಯನ್ನು ಒಬ್ಬ ಯೆಹೂದ್ಯನಿಗೋ ಆಂಗ್ಲಿಕನನಿಗೋ ಹಾಕಿ. ನರಹತ್ಯ ಮಾಡಬಾರದೆಂಬುದು ಎನ್ನುತ್ತಾನೆ. ಇವು ಬರುವ ಬೈಬಲಿನ ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ಆಜ್ಞೆಗಳಿಗೆ ಅಂಕಿಗಳಿಲ್ಲ. ಮೂಲದಲ್ಲಿ ಅವುಗಳನ್ನು ಹತ್ತು ‘ಮಾತುಗಳು’ ಎಂದು ಕರೆದಿದೆಯೇ ಹೊರತು ಆಜ್ಞೆಗಳೆಂದೂ ಕರೆದಿಲ್ಲ. ಐಗುಪ್ತದ ದಾಸತ್ವದಿಂದ ನಿನ್ನನ್ನು ಬಿಡಿಸಿದ ದೇವರು ನಾನು ಎಂಬ ವಾಕ್ಯವೇ ಯೆಹೂದ್ಯರ ಎಣಿಕೆಯಲ್ಲಿ ಮೊದಲನೆಯದು. ಅದರಲ್ಲಿ ಮಾಡು ಎಂಬುದೂ ಇಲ್ಲ, ಮಾಡಬೇಡ ಎಂಬುದೂ ಇಲ್ಲ. ಬಿಡುಗಡೆಯ ನೆನಪೊಂದೇ ಇದೆ. ಕ್ಯಾಥೊಲಿಕರೂ ಲೂಥರನರೂ ಆ ವಾಕ್ಯವನ್ನೂ ಅನ್ಯದೇವರು, ವಿಗ್ರಹ ಕುರಿತ ಮಾತುಗಳನ್ನೂ ಒಂದಾಗಿ ಎಣಿಸಿ, ಕೊನೆಯಲ್ಲಿ ಬರುವ ಪರರ ಸೊತ್ತಿಗೆ ಆಸೆಪಡಬಾರದೆಂಬ ಮಾತನ್ನು ಎರಡಾಗಿ ಒಡೆದು ಹತ್ತನ್ನು ಸರಿದೂಗಿಸುತ್ತಾರೆ. ಆಂಗ್ಲಿಕನರೂ ರಿಫಾರ್ಮ್ಡ್ ಸಭೆಗಳವರೂ ವಿಗ್ರಹದ ನಿಷೇಧವನ್ನು ಬೇರೆಯಾಗಿಟ್ಟುಕೊಂಡರು. ವಿಗ್ರಹವಿರುವ ಇಗರ್ಜಿಗೂ ಬರಿಯ ಗೋಡೆಯ ಚರ್ಚಿಗೂ ನಡುವೆ ನಡೆದ ಜಗಳದ ಗುರುತು ಈ ಅಂಕಿಗಳಲ್ಲಿಯೇ ಕುಳಿತಿದೆ. ‘ಸಮಾನ’ ಎಂದು ನೀವು ಕರೆದದ್ದರ ಪಟ್ಟಿಯೇ ಹೀಗಿದೆ.

ಇನ್ನು ಪದಗಳು. ಕನ್ನಡದ ಸತ್ಯವೇದದಲ್ಲಿ ‘ನರಹತ್ಯ’ ಎಂದಿದೆ. 1611ರ ಇಂಗ್ಲಿಷ್ ಬೈಬಲಿನಲ್ಲಿ ಬರೀ ‘ಕೊಲ್ಲಬೇಡ’ ಎಂದಿದೆ. ಹೀಬ್ರೂ ಭಾಷೆಯಲ್ಲಿ ಕೊಲ್ಲುವುದಕ್ಕೆ ಸಾಮಾನ್ಯವಾಗಿ ಬಳಸುವ ಕ್ರಿಯಾಪದ ಬೇರೆ. ಇಲ್ಲಿರುವುದು ಅನ್ಯಾಯವಾಗಿ ಮನುಷ್ಯನ ಜೀವ ತೆಗೆಯುವುದನ್ನು ಹೇಳುವ ಇನ್ನೊಂದು ಪದ. ಯುದ್ಧ, ಮರಣದಂಡನೆ, ಮಾಂಸಾಹಾರ ಇವೆಲ್ಲ ಈ ಆಜ್ಞೆಯ ವ್ಯಾಪ್ತಿಗೆ ಬರುತ್ತವೆಯೇ ಎಂಬ ಚರ್ಚೆ ಇಂಗ್ಲಿಷಿನಲ್ಲಿ ಒಂದು ದಿಕ್ಕಿನಲ್ಲಿ ಸಾಗಿದರೆ ಹೀಬ್ರೂವಿನಲ್ಲಿ ಇನ್ನೊಂದು ದಿಕ್ಕಿನಲ್ಲಿ ಸಾಗುವುದು ಇದಕ್ಕೇ. ನಮ್ಮ ಅನುವಾದಕರು ಒಂದೇ ಪದದಲ್ಲಿ ಅರ್ಥವನ್ನು ಹತ್ತಿರಕ್ಕೆ ತಂದಿದ್ದಾರೆ.

ಈಗ ನಿಯಮ ಮತ್ತು ಪ್ರೀತಿಯ ಮಾತು. ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂದು ಯೇಸು ಹೇಳಿದ್ದು ಯಾಜಕಕಾಂಡದ 19ನೆಯ ಅಧ್ಯಾಯದಿಂದ ಎತ್ತಿಕೊಂಡ ಮಾತು. ಯೆಹೂದ್ಯ ಧರ್ಮಗುರು (ರಬ್ಬಿ) ಅಕಿವಾ ಅದನ್ನೇ ತೋರಾದ, ಎಂದರೆ ಬೈಬಲಿನ ಮೊದಲ ಐದು ಪುಸ್ತಕಗಳ, ದೊಡ್ಡ ಸೂತ್ರವೆಂದರು. ಬೆನ್ ಅಜ್ಜೈ ಎಂಬ ಇನ್ನೊಬ್ಬರು ಒಪ್ಪದೆ, ಆದಾಮನ ವಂಶಾವಳಿಯನ್ನು ಹೇಳುವ ಆದಿಕಾಂಡದ ವಾಕ್ಯ ಅದಕ್ಕಿಂತ ದೊಡ್ಡದೆಂದರು. ಮನುಷ್ಯರೆಲ್ಲ ಒಬ್ಬನ ಸಂತಾನ ಎಂದ ಮೇಲೆ, ನಿನಗೆ ನಿನ್ನ ಮೇಲೆಯೇ ಪ್ರೀತಿಯಿಲ್ಲದ ದಿನವೂ ಪರನಿಗೆ ಗೌರವ ಕೊಡಬೇಕಾಗುತ್ತದೆ ಎಂಬುದು ಅವರ ಮಾತಿಗೆ ಮುಂದಿನವರು ಕಂಡ ತಾತ್ಪರ್ಯ. ನಿಯಮದ ಧರ್ಮವೆಂದು ನೀವು ಬರೆಯಹೊರಟಿರುವ ಕಡೆ ಪ್ರೀತಿಯ ಕುರಿತೇ ಇಂಥ ವಾಗ್ವಾದ ನಡೆದಿದೆ.

ರಬ್ಬಿಗಳ ಚರ್ಚೆಗಳ ದೊಡ್ಡ ಸಂಗ್ರಹವಾದ ತಾಲ್ಮುದಿನ ಒಂದು ಪ್ರಸಂಗವನ್ನು ನೋಡಿ. ಇಬ್ಬರು ಮರುಭೂಮಿಯಲ್ಲಿ ಹೋಗುತ್ತಿದ್ದಾರೆ. ಒಬ್ಬನ ಕೈಯಲ್ಲಿ ನೀರಿನ ಒಂದು ತಂಬಿಗೆಯಿದೆ. ಒಬ್ಬನೇ ಕುಡಿದರೆ ಊರು ಮುಟ್ಟುತ್ತಾನೆ, ಇಬ್ಬರೂ ಕುಡಿದರೆ ಇಬ್ಬರೂ ಸಾಯುತ್ತಾರೆ. ಒಬ್ಬನು ಇನ್ನೊಬ್ಬನ ಸಾವನ್ನು ನೋಡುವುದಕ್ಕಿಂತ ಇಬ್ಬರೂ ಕುಡಿದು ಸಾಯುವುದೇ ಲೇಸು ಎಂದರು ಬೆನ್ ಪೆಟೂರಾ. ಅಕಿವಾ ಮಾತ್ರ ಯಾಜಕಕಾಂಡದ ‘ನಿನ್ನ ಸಹೋದರನು ನಿನ್ನ ಜೊತೆಯಲ್ಲಿ ಬದುಕಬೇಕು’ ಎಂಬರ್ಥದ ವಾಕ್ಯವನ್ನು ಹಿಡಿದು, ‘ನಿನ್ನ ಜೊತೆಯಲ್ಲಿ’ ಎಂದಿರುವುದರಿಂದ ನಿನ್ನ ಜೀವ ಮೊದಲು ಎಂದು ತೀರ್ಮಾನಿಸಿದರು. ನೆರೆಯವನನ್ನು ಪ್ರೀತಿಸುವುದೇ ದೊಡ್ಡ ಸೂತ್ರವೆಂದ ಅದೇ ಅಕಿವಾ! ಇದು ಸ್ವಾರ್ಥದ ಬೋಧೆಯೆಂದು ಅವಸರಪಡಬೇಡಿ. ತಾಲ್ಮುದಿನಲ್ಲೇ ಬೇರೆ ಕಡೆ ಇನ್ನೊಂದು ಪ್ರಸಂಗವಿದೆ. ಇಂಥವನನ್ನು ಕೊಲ್ಲು, ಇಲ್ಲವಾದರೆ ನಿನ್ನನ್ನು ಕೊಲ್ಲುತ್ತೇನೆ ಎಂದು ಊರಿನ ಅಧಿಕಾರಿ ಹೇಳಿದ್ದಾನೆ, ಏನು ಮಾಡಲಿ ಎಂದು ಒಬ್ಬ ಬಂದು ಕೇಳುತ್ತಾನೆ. ಸಾಯಬೇಕಾದರೆ ಸಾಯಿ, ಕೊಲ್ಲಬೇಡ. ನಿನ್ನ ರಕ್ತ ಅವನದಕ್ಕಿಂತ ಕೆಂಪೆಂದು ಹೇಳಿದವರು ಯಾರು ಎಂಬ ಉತ್ತರ ಬರುತ್ತದೆ. ತಂಬಿಗೆ ನನ್ನದಾದಾಗ ಒಂದು ನ್ಯಾಯ, ಕತ್ತಿ ನನ್ನ ಕೈಯಲ್ಲಿದ್ದಾಗ ಇನ್ನೊಂದು ನ್ಯಾಯ. ಈ ಎರಡರ ನಡುವಿನ ಅಂತರವನ್ನು ನಿಮ್ಮ ಮಾತಿನಲ್ಲಿ ಒಂದು ಪುಟ ಬರೆದರೆ ನೀವು ಯೆಹೂದ್ಯ ನೀತಿಶಾಸ್ತ್ರದ ಒಳಗೆ ಕಾಲಿಟ್ಟಂತೆ.

ಕ್ರೈಸ್ತರ ಕಡೆಗೆ ಬಂದರೆ, ಸ್ನೇಹಿತರಿಗಾಗಿ ಪ್ರಾಣ ಕೊಡುವುದಕ್ಕಿಂತ ಹೆಚ್ಚಿನ ಪ್ರೀತಿಯಿಲ್ಲ ಎಂಬ ಯೋಹಾನನ ಸುವಾರ್ತೆಯ ಮಾತಿದೆ, ಮತ್ತಾಯನ 5ರಿಂದ 7ನೆಯ ಅಧ್ಯಾಯಗಳಲ್ಲಿ ಬೆಟ್ಟದ ಮೇಲಿನ ಪ್ರಸಂಗವಿದೆ. ಕೆನ್ನೆಗೆ ಹೊಡೆದವನಿಗೆ ಇನ್ನೊಂದು ಕೆನ್ನೆಯನ್ನೂ ಕೊಡು ಎಂಬುದನ್ನು ಅಕ್ಷರಶಃ ನಡೆಸಬೇಕೆಂದವರೂ, ರಾಜ್ಯವಾಳುವವನಿಗೆ ಅದು ಸಲ್ಲದೆಂದವರೂ ಎರಡು ಸಾವಿರ ವರ್ಷ ವಾದಿಸಿದ್ದಾರೆ. 13ನೆಯ ಶತಮಾನದ ಥಾಮಸ್ ಅಕ್ವಿನಾಸ್, ಆತ್ಮರಕ್ಷಣೆಗಾಗಿ ಹೊಡೆದ ಏಟಿನಿಂದ ಎದುರಾಳಿ ಸತ್ತರೆ ಅದು ಪಾಪವೇ ಎಂಬ ಪ್ರಶ್ನೆಯನ್ನೆತ್ತಿ, ಒಂದೇ ಕೃತ್ಯಕ್ಕೆ ಉದ್ದೇಶಿಸಿದ ಫಲ, ಉದ್ದೇಶಿಸದ ಫಲ ಎಂದು ಎರಡಿರಬಹುದೆಂದು ಬಿಡಿಸಿ ತೋರಿಸಿದ. ಆಸ್ಪತ್ರೆಯಲ್ಲಿ ಸಾಯುತ್ತಿರುವ ರೋಗಿಗೆ ನೋವು ಕಳೆಯಲು ಮಾರ್ಫಿನ್ ಹೆಚ್ಚಿಸುವ ವೈದ್ಯರ ವಿಷಯದಲ್ಲಿ ಇಂದಿಗೂ ಆ ತರ್ಕ ಬಳಕೆಯಲ್ಲಿದೆ. ಇದರಲ್ಲಿ ನಿಯಮ ಕಡಿಮೆಯಿದೆಯೇ ಹೇಳಿ.

ಇವೆರಡನ್ನು ಅಕ್ಕಪಕ್ಕದಲ್ಲಿಟ್ಟು ಓದುವ ಪದ್ಧತಿ ಬೆಳೆದದ್ದು ಬಹುಮಟ್ಟಿಗೆ 1945ರ ನಂತರ. ಯೂರೋಪಿನ ಯೆಹೂದ್ಯರ ಕಗ್ಗೊಲೆ ನಡೆದದ್ದು ಕ್ರೈಸ್ತರ ನಾಡುಗಳಲ್ಲಿ. ಹಿಟ್ಲರನ ವಿರುದ್ಧದ ಸಂಚಿನಲ್ಲಿ ಭಾಗಿಯಾಗಿ 1945ರ ಏಪ್ರಿಲ್ 9ರಂದು ಫ್ಲೊಸೆನ್‌ಬುರ್ಗ್ ಶಿಬಿರದಲ್ಲಿ ಗಲ್ಲಿಗೇರಿದ ಲೂಥರನ್ ಪಾದ್ರಿ ಡೀಟ್ರಿಕ್ ಬಾನ್‌ಹೋಫರ್‌ನಂಥವರು ಕೆಲವರೇ. ಯೇಸುವಿನ ಮರಣದ ದೋಷವನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಲಾಗದೆಂದು ಕ್ಯಾಥೊಲಿಕ್ ಚರ್ಚು ಅಧಿಕೃತವಾಗಿ ಘೋಷಿಸಿದ್ದು 1965ರ ಅಕ್ಟೋಬರ್ 28ರಂದು. ನಿಯಮದ ಧರ್ಮ, ಪ್ರೀತಿಯ ಧರ್ಮ ಎಂಬ ನಿಮ್ಮ ಗೈಡಿನ ಸಾಲು ಅದಕ್ಕೂ ಹಿಂದಿನ ಕಾಲದ ಪೂರ್ವಗ್ರಹದ ಪಳೆಯುಳಿಕೆ.

ಪ್ರಶ್ನೆ: ನಾನು ಕ್ರೈಸ್ತ ಸಭೆಯಲ್ಲಿ ಬೆಳೆದವನು, ಭಾನುವಾರದ ಶಾಲೆಯಲ್ಲಿ ಪಾಠವನ್ನೂ ಹೇಳಿಕೊಡುತ್ತೇನೆ. ಮೋಶೆಯ ಐದು ಪುಸ್ತಕಗಳನ್ನು ಮೋಶೆ ಬರೆದಿಲ್ಲ, ಅವು ಬೇರೆ ಬೇರೆ ಕಾಲದ ಬರಹಗಳ ಜೋಡಣೆ ಎಂದು ತರಗತಿಯಲ್ಲಿ ಹೇಳಿದಾಗಿನಿಂದ ನಿದ್ದೆ ಬರುತ್ತಿಲ್ಲ. ಹಾಗಾದರೆ ಆಜ್ಞೆಗಳಿಗೆ ಅಧಿಕಾರವೆಲ್ಲಿ ಉಳಿಯಿತು? — ಒಬ್ಬ ಯುವಕ, ಉಡುಪಿ

ಉತ್ತರ: ತಮ್ಮಾ, ನಿಮಗಿಂತ ಮೊದಲು ಇದೇ ಸಂಕಟವನ್ನು ಅನುಭವಿಸಿದವರ ಸಾಲು ಉದ್ದವಿದೆ. ಆ ಐದರಲ್ಲಿ ಕೊನೆಯದಾದ ಧರ್ಮೋಪದೇಶಕಾಂಡದ ಕೊನೆಯಲ್ಲಿ ಮೋಶೆ ತೀರಿಕೊಂಡ ಸಂಗತಿ ಬರುತ್ತದಷ್ಟೆ. ಸತ್ತವನು ತನ್ನ ಸಾವನ್ನು ಬರೆದದ್ದು ಹೇಗೆಂದು ತಾಲ್ಮುದಿನ ರಬ್ಬಿಗಳೇ ಕೇಳಿಕೊಂಡರು. ಕೊನೆಯ ಎಂಟು ವಾಕ್ಯಗಳನ್ನು ಮೋಶೆಯ ಉತ್ತರಾಧಿಕಾರಿ ಯೆಹೋಶುವ ಬರೆದನೆಂಬುದು ಒಂದು ಪಕ್ಷ. ದೇವರು ಹೇಳುತ್ತಾ ಹೋದ, ಮೋಶೆ ಕಣ್ಣೀರಿಡುತ್ತಾ ಬರೆದ ಎಂಬುದು ಇನ್ನೊಂದು ಪಕ್ಷ. ಎರಡನ್ನೂ ಉಳಿಸಿಕೊಂಡರು, ಯಾವುದನ್ನೂ ಅಳಿಸಲಿಲ್ಲ.

ನಿಮ್ಮ ಅಧ್ಯಾಪಕರು ಹೇಳಿದ ಜೋಡಣೆಯ ವಾದಕ್ಕೆ 19ನೆಯ ಶತಮಾನದ ಕೊನೆಯಲ್ಲಿ ಪ್ರಬಲ ರೂಪ ಕೊಟ್ಟವರು ಯೂಲಿಯಸ್ ವೆಲ್‌ಹೌಸೆನ್. ಅವರು ಗ್ರೈಫ್ಸ್‌ವಾಲ್ಡ್‌ನಲ್ಲಿ ದೈವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಚರ್ಚಿನ ಸೇವೆಗೆ ವಿದ್ಯಾರ್ಥಿಗಳನ್ನು ಸಿದ್ಧಮಾಡುವುದು ತನ್ನ ಹುದ್ದೆಯ ಕರ್ತವ್ಯ, ಆದರೆ ತನ್ನ ಪಾಠ ಅವರನ್ನು ಅದಕ್ಕೆ ಅಣಿಗೊಳಿಸುತ್ತಿಲ್ಲ ಎನ್ನಿಸಿ 1882ರಲ್ಲಿ ಅವರು ತಾವಾಗಿಯೇ ಆ ಹುದ್ದೆ ಬಿಟ್ಟು, ಹಾಲೆಯಲ್ಲಿ ಸೆಮಿಟಿಕ್ ಭಾಷೆಗಳ ಪಾಠಕ್ಕೆ ಹೋದರು. ಅವರ ಸಿದ್ಧಾಂತದ ಹಲವು ವಿವರಗಳನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಅವರ ಪ್ರಾಮಾಣಿಕತೆಯ ಮೇಲೆ ಮಾತ್ರ ನನಗೆ ಗೌರವವಿದೆ.

ಅಧಿಕಾರದ ಪ್ರಶ್ನೆ ನಿಜವಾದ ಪ್ರಶ್ನೆ. ಗ್ರಂಥಕರ್ತನಿಂದ ಅಧಿಕಾರ ಬರುತ್ತದೆಯೋ, ಗ್ರಂಥವನ್ನು ಒಪ್ಪಿ ನಡೆದ ಸಮುದಾಯದಿಂದ ಬರುತ್ತದೆಯೋ, ಅಥವಾ ಅದು ಹೇಳುವ ಮಾತಿನ ಸತ್ಯದಿಂದಲೇ ಬರುತ್ತದೆಯೋ ಎಂಬುದನ್ನು ನೀತಿಶಾಸ್ತ್ರದ ಪತ್ರಿಕೆಯಲ್ಲಿಯೇ ಎತ್ತಿ ಬರೆಯಿರಿ. ತರಗತಿಯ ಹೊರಗೆ ನಿಮ್ಮ ಸಭಾಪಾಲಕರ ಹತ್ತಿರವೂ ಮಾತಾಡಿ; ದೈವಶಾಸ್ತ್ರದ ಪದವಿ ಪಡೆದವರಾದರೆ ಇದನ್ನೆಲ್ಲ ಅವರೂ ಓದಿಯೇ ಬಂದಿರುತ್ತಾರೆ, ಪ್ರಸಂಗಪೀಠದಿಂದ ಹೇಳುವುದಿಲ್ಲ ಅಷ್ಟೆ. ಭಾನುವಾರದ ಮಕ್ಕಳಿಗೆ ವೆಲ್‌ಹೌಸೆನ್ ಬೇಡ. ಆದರೆ ನೀವು ಸುಳ್ಳೆಂದು ತಿಳಿದದ್ದನ್ನು ನಿಜವೆಂದು ಹೇಳುವುದೂ ಬೇಡ.

ಪ್ರಶ್ನೆ: ಹೀಬ್ರೂ, ಗ್ರೀಕ್ ಕಲಿಯದೆ ಅನುವಾದದಲ್ಲೇ ಓದಿ ಸ್ನಾತಕೋತ್ತರ ಪದವಿ ಪಡೆಯಬಹುದೇ? ನಾನು ಜರ್ಮನಿಗೆ ಹೋಗುವ ಯೋಚನೆಯಲ್ಲಿದ್ದೇನೆ. — ಧಾರವಾಡ

ಉತ್ತರ: ಇಂಗ್ಲಿಷ್ ಮಾಧ್ಯಮದ ಹಲವು ಕೋರ್ಸುಗಳಲ್ಲಿ ಪಡೆಯಬಹುದು. ಜರ್ಮನಿಯಲ್ಲಿ ಸಭಾಪಾಲಕರಾಗುವ ದಾರಿಯ ದೈವಶಾಸ್ತ್ರಕ್ಕೆ ಹೀಬ್ರೂ, ಗ್ರೀಕ್, ಲ್ಯಾಟಿನ್ ಮೂರನ್ನೂ ಕೇಳುವುದು ರೂಢಿ.

ಕಲಿತರೆ ಸಿಗುವ ಲಾಭಕ್ಕೆ ಒಂದೇ ಪದ ಸಾಕು. ಬಡವರಿಗೆ ಕೊಡುವುದಕ್ಕೆ ಹೀಬ್ರೂವಿನಲ್ಲಿ ‘ತ್ಸೆದಾಕಾ’ ಎನ್ನುತ್ತಾರೆ. ನ್ಯಾಯ ಎಂಬುದಕ್ಕಿರುವ ‘ತ್ಸೆದೆಕ್’ ಕೂಡ ಅದೇ ಮೂರು ವ್ಯಂಜನಗಳ ಧಾತುವಿನಿಂದ ಬಂದದ್ದು. ಇಂಗ್ಲಿಷಿನಲ್ಲಿ ಓದುವವನಿಗೆ ಕೊಡುಗೆ ಮತ್ತು ನ್ಯಾಯ ಎರಡು ಬೇರೆ ಸಂಗತಿಗಳಾಗಿ ಕಾಣುತ್ತವೆ. ‘ಧರ್ಮ ಮಾಡಿ ತಾಯೀ’ ಎಂಬ ಕೂಗನ್ನು ಬಾಗಿಲಲ್ಲಿ ಕೇಳಿ ಬೆಳೆದ ನಮಗೆ ಅದು ಬೇಗ ಹೊಳೆಯುತ್ತದೆ; ಅಲ್ಲಿ ಭಿಕ್ಷೆಗೂ ಧರ್ಮವೆಂದೇ ಹೆಸರು. 12ನೆಯ ಶತಮಾನದ ಯೆಹೂದ್ಯ ಧರ್ಮಶಾಸ್ತ್ರಜ್ಞ ಮೈಮೊನಿಡಿಸ್ ಕೊಡುವುದರಲ್ಲಿ ಎಂಟು ಮೆಟ್ಟಿಲುಗಳನ್ನು ಹೇಳಿದರು. ಮುಖ ಗಂಟಿಕ್ಕಿಕೊಂಡು ಕೊಡುವುದು ಕೆಳಗಿನದು. ಕೊಟ್ಟವನಿಗೆ ಪಡೆದವನೂ ಪಡೆದವನಿಗೆ ಕೊಟ್ಟವನೂ ಗೊತ್ತಿಲ್ಲದಂತೆ ಕೊಡುವುದು ಮೇಲಿನಿಂದ ಎರಡನೆಯದು. ಸಾಲ ಕೊಟ್ಟೋ, ಪಾಲುದಾರನನ್ನಾಗಿ ಮಾಡಿಕೊಂಡೋ, ಕೆಲಸ ಕೊಡಿಸಿಯೋ ಅವನು ಮತ್ತೆ ಕೈಚಾಚದಂತೆ ಮಾಡುವುದು ಎಲ್ಲಕ್ಕಿಂತ ಮೇಲಿನದು.

ಜರ್ಮನಿಗೆ ಹೋದರೆ ಟ್ಯೂಬಿಂಗೆನ್ ನೋಡದೆ ಬರಬೇಡಿ. 1894ರಲ್ಲಿ ಹೊರಬಂದ ಕನ್ನಡ–ಇಂಗ್ಲಿಷ್ ನಿಘಂಟಿನ ಕಿಟ್ಟೆಲರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಅಲ್ಲಿನ ವಿಶ್ವವಿದ್ಯಾಲಯ. ಅವರು 1903ರಲ್ಲಿ ತೀರಿಕೊಂಡದ್ದೂ ಅದೇ ಊರಿನಲ್ಲಿ. ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಆರಂಭಿಸಿದ ಮೋಗ್ಲಿಂಗರನ್ನೂ ಅದೇ ವಿಶ್ವವಿದ್ಯಾಲಯ ಹಾಗೆಯೇ ಗೌರವಿಸಿತ್ತು.

ಪ್ರಶ್ನೆ: ಕ್ಷೇತ್ರಕಾರ್ಯಕ್ಕಾಗಿ ನಮ್ಮನ್ನು ಯೆಹೂದ್ಯರ ಪ್ರಾರ್ಥನಾಮಂದಿರವಾದ ಒಂದು ಸಿನಗಾಗ್‌ಗೂ ಒಂದು ಕ್ಯಾಥೊಲಿಕ್ ಚರ್ಚಿಗೂ ಕಳಿಸುತ್ತಿದ್ದಾರೆ. ಹೇಗೆ ನಡೆದುಕೊಳ್ಳಬೇಕು? — ಮುಂಬಯಿಯಲ್ಲಿ ಓದುತ್ತಿರುವ ಕನ್ನಡತಿ

ಉತ್ತರ: ಸಬ್ಬತ್ ದಿನ, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗೆ, ಹೋಗುವುದಾದರೆ ನೋಟ್‌ಬುಕ್ಕನ್ನು ಮನೆಯಲ್ಲೇ ಬಿಟ್ಟು ಹೋಗಿ. ಸಬ್ಬತ್ತಿನಲ್ಲಿ ಮಾಡಬಾರದೆಂದು ತಾಲ್ಮುದಿಗೆ ಆಧಾರವಾದ ನಿಯಮಗ್ರಂಥ ಮಿಶ್ನಾ ಹೇಳುವ 39 ಬಗೆಯ ಕೆಲಸಗಳಲ್ಲಿ ಬರೆಯುವುದೂ ಒಂದು. ಎರಡು ಅಕ್ಷರ ಬರೆದರೂ ಅದು ಬರವಣಿಗೆಯೇ. ಇದನ್ನು ಪುಸ್ತಕದಲ್ಲಿ ಓದಿಯೂ ನಾನು ವಿದ್ಯಾರ್ಥಿಯಾಗಿದ್ದಾಗ ಪ್ರಾರ್ಥನೆಯ ನಡುವೆ ಪೆನ್ನು ತೆಗೆದಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಮಾತಾಡದೆ ನನ್ನ ಪುಸ್ತಕವನ್ನು ಮೆಲ್ಲನೆ ಮುಚ್ಚಿ, ತಮ್ಮ ಪ್ರಾರ್ಥನಾ ಪುಸ್ತಕವನ್ನು ನನ್ನ ಕಡೆಗೆ ಸರಿಸಿ, ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟರು. ಅಂದು ಬರೆಯದೆ ನೆನಪಿಟ್ಟುಕೊಂಡದ್ದು ಇಂದಿಗೂ ಮರೆತಿಲ್ಲ. ಫೋಟೊ, ಮೊಬೈಲ್ ಎರಡೂ ಬೇಡ. ಸಾಂಪ್ರದಾಯಿಕ ಸಿನಗಾಗ್‌ಗಳಲ್ಲಿ ಹೆಂಗಸರಿಗೆ ಪ್ರತ್ಯೇಕ ಜಾಗವಿರುತ್ತದೆ. ಗಂಡಸರು ತಲೆ ಮುಚ್ಚಿಕೊಳ್ಳಬೇಕು. ಮುಂಬಯಿಯಲ್ಲಿ ಮೊದಲೇ ಅನುಮತಿ ಪಡೆದು, ಗುರುತಿನ ಚೀಟಿ ಇಟ್ಟುಕೊಂಡು ಹೋಗಿ.

ಕ್ಯಾಥೊಲಿಕ್ ಬಲಿಪೂಜೆಯಲ್ಲಿ ಎಲ್ಲರೂ ಎದ್ದಾಗ ಏಳಿ, ಕುಳಿತಾಗ ಕುಳಿತುಕೊಳ್ಳಿ. ಪರಮಪ್ರಸಾದಕ್ಕೆ ಸಾಲು ನಿಂತಾಗ ಮಾತ್ರ ನಿಮ್ಮ ಜಾಗದಲ್ಲೇ ಇರಿ. ನಮ್ಮ ದೇವಸ್ಥಾನಗಳಲ್ಲಿ ಪ್ರಸಾದ ಬಂದವರಿಗೆಲ್ಲ ಉಂಟು, ಬೇಡವೆಂದರೆ ಅಪಚಾರ. ಅಲ್ಲಿ ದೀಕ್ಷೆ ಪಡೆಯದವರು ತೆಗೆದುಕೊಂಡರೆ ಅಪಚಾರ.

ಪ್ರಶ್ನೆ: ಇದನ್ನೆಲ್ಲ ಕರ್ನಾಟಕದಲ್ಲೇ ಓದಲು ಸಾಧ್ಯವಿಲ್ಲವೇ? — ಚಿಕ್ಕಮಗಳೂರು

ಉತ್ತರ: ಕ್ರೈಸ್ತ ಧರ್ಮದ ಮಟ್ಟಿಗೆ ಸಾಧ್ಯ. ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮದ ಅಧ್ಯಯನ ವಿಭಾಗವಿದೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ಅಧ್ಯಯನ ಪೀಠವಿದೆ. ಇವು ಎಲ್ಲರಿಗೂ ತೆರೆದಿರುವಂಥವು. ಚರ್ಚುಗಳು ನಡೆಸುವ ಸಂಸ್ಥೆಗಳೆಂದರೆ 1910ರಲ್ಲಿ ಆರಂಭವಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಕ್ಯಾಥೊಲಿಕರ ಧರ್ಮಾರಾಮ್ ವಿದ್ಯಾಕ್ಷೇತ್ರ, ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಮೊದಲಾದವು. ಪ್ರೊಟೆಸ್ಟೆಂಟ್ ಕಾಲೇಜುಗಳಲ್ಲಿ ಅನೇಕವು ಬಂಗಾಳದ ಸೆರಾಂಪುರ ಕಾಲೇಜಿಗೆ ಸಂಯೋಜಿತವಾದವು. 1818ರಲ್ಲಿ ಹುಟ್ಟಿದ ಆ ಕಾಲೇಜಿಗೆ ಪದವಿ ಕೊಡುವ ಅಧಿಕಾರ 1827ರಲ್ಲಿ ಡೆನ್ಮಾರ್ಕಿನ ದೊರೆಯಿಂದ ಬಂದದ್ದು. ಯೆಹೂದ್ಯ ನೀತಿಶಾಸ್ತ್ರಕ್ಕೆಂದೇ ಮೀಸಲಾದ ಪದವಿ ಬೇಕೆನ್ನುವವರು ಹೊರದೇಶಗಳ ಕಡೆ ನೋಡಬೇಕಾದೀತು. ಮುಂದೆ ಅಧ್ಯಾಪಕರಾಗುವ ಆಸೆಯಿದ್ದರೆ ಎನ್‌ಇಟಿ ಪರೀಕ್ಷೆಯಲ್ಲಿ ‘ಧರ್ಮಗಳ ತೌಲನಿಕ ಅಧ್ಯಯನ’ ಎಂಬ ವಿಷಯವೇ ಇದೆ.

ಪ್ರಶ್ನೆ: ಯೆಹೂದ್ಯ ಧಾರ್ಮಿಕ ಜೀವನದ ಬಗ್ಗೆ ಪಿಎಚ್‌.ಡಿ. ಮಾಡುವ ಆಸೆಯಿದೆ. ಆದರೆ ನಮ್ಮ ನಾಡಿಗೂ ಅದಕ್ಕೂ ಸಂಬಂಧವೇ ಇಲ್ಲವಲ್ಲ ಎಂದು ಮನೆಯವರು ನಗುತ್ತಾರೆ. — ಮಂಗಳೂರು

ಉತ್ತರ: ನಗುವವರನ್ನು ಕೂರಿಸಿಕೊಂಡು ಈ ಕಥೆ ಹೇಳಿ.

ದೇವರ ಹೆಸರಿರುವ ಕಾಗದವನ್ನು ಹರಿದೆಸೆಯಬಾರದೆಂಬುದು ಯೆಹೂದ್ಯರ ಆಚಾರ. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್‌ನವರು ಇನ್ನೂ ಎಚ್ಚರವಹಿಸಿ, ಹೀಬ್ರೂ ಅಕ್ಷರದಲ್ಲಿ ಬರೆದ ಲೆಕ್ಕದ ಚೀಟಿ, ಅಂಗಡಿ ಕಾಗದ, ಮದುವೆಯ ಕರಾರು ಎಲ್ಲವನ್ನೂ ಒಂದು ಕೋಣೆಗೆ ತುಂಬುತ್ತಾ ಬಂದರು. ಆ ಕೋಣೆಗೆ ಗೆನಿಜಾ ಎಂದು ಹೆಸರು. ಸಾಲೊಮನ್ ಷೆಕ್ಟರ್ ಎಂಬ ವಿದ್ವಾಂಸರು 1897ರಲ್ಲಿ ಅಲ್ಲಿಂದ ಸುಮಾರು 1,93,000 ತುಣುಕುಗಳನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಆ ರಾಶಿಯಲ್ಲಿಯೂ ಬೇರೆ ಸಂಗ್ರಹಗಳಿಗೆ ಚದುರಿಹೋದ ಗೆನಿಜಾದ ತುಣುಕುಗಳಲ್ಲಿಯೂ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಕಾಗದಗಳು ಸಿಕ್ಕಿವೆ. ಟ್ಯುನೀಶಿಯದ ಮಹ್ದಿಯಾದಿಂದ ಬಂದ ಈತ 1132ರ ಹೊತ್ತಿನಿಂದ ಸುಮಾರು ಹದಿನೇಳು ವರ್ಷ ನಮ್ಮ ಕರಾವಳಿಯಲ್ಲಿದ್ದ, ಹೆಚ್ಚಾಗಿ ನಿಮ್ಮ ಮಂಗಳೂರಿನಲ್ಲೇ. ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ; ಏಡನ್‌ನ ಪಾಲುದಾರರಿಗೆ ಮೆಣಸು, ಕಬ್ಬಿಣ ಕಳಿಸಿದ. ಅವರು ಈತನಿಗೆ ಸಕ್ಕರೆ, ಒಣದ್ರಾಕ್ಷಿ, ಮುಖ್ಯವಾಗಿ ಬರೆಯುವ ಕಾಗದವನ್ನು ಕಳಿಸುತ್ತಿದ್ದರು.

1132ರ ಅಕ್ಟೋಬರ್ 17ರಂದು ಈತ ಮಂಗಳೂರಿನಲ್ಲಿ ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. ಮುಂದೆ ಈತನ ಮಕ್ಕಳ ತಾಯಿಯಾದವಳು ಅವಳೇ ಎಂಬುದು ವಿದ್ವಾಂಸರ ಅಭಿಪ್ರಾಯ. ನೀತಿಶಾಸ್ತ್ರದ ಗಂಟು ಇಲ್ಲೇ ಇದೆ. ದಾಸಿಯ ಜೊತೆಗಿದ್ದನೆಂಬ ಅನುಮಾನಕ್ಕೆ ಗುರಿಯಾದವನು, ಅವಳಿಗೆ ಬಿಡುಗಡೆ ಕೊಟ್ಟ ಮೇಲೂ ಅವಳನ್ನು ಮದುವೆಯಾಗಬಾರದೆಂದು ಮಿಶ್ನಾ ಹೇಳುತ್ತದೆ. ಆಗಿಬಿಟ್ಟರೆ ಮಾತ್ರ ಬೇರ್ಪಡಿಸುವುದಿಲ್ಲ. ಕೆಲವು ದಶಕಗಳ ಬಳಿಕ ಈಜಿಪ್ಟಿನಲ್ಲಿ ಇಂಥದ್ದೇ ಪ್ರಕರಣ ಮೈಮೊನಿಡಿಸರ ಮುಂದೆ ಬಂತು. ನಿಯಮ ಅವರಿಗೆ ತಿಳಿಯದ್ದಲ್ಲ. ಆದರೂ ಆ ಯುವಕ ಅವಳನ್ನು ಬಿಡುಗಡೆ ಮಾಡಿ ಮದುವೆಯಾಗಲಿ, ನಿಷಿದ್ಧವಾದ ಕೊಬ್ಬನ್ನೇ ತಿನ್ನುವುದಕ್ಕಿಂತ ಅದರ ಸಾರನ್ನು ತಿನ್ನುವುದು ಲೇಸು ಎಂದು ತೀರ್ಪು ಕೊಟ್ಟರು. ಧರ್ಮಶಾಸ್ತ್ರವನ್ನು ಹದಿನಾಲ್ಕು ಸಂಪುಟಗಳಲ್ಲಿ ಕಟ್ಟಿದವರೇ ಅದನ್ನು ಒಂದು ಜೀವಕ್ಕಾಗಿ ಬಗ್ಗಿಸಿದ ಬಗೆ ಇದು. ಇದೇ ಮೈಮೊನಿಡಿಸರ ತಮ್ಮ ದಾವೀದ ರತ್ನದ ವ್ಯಾಪಾರಕ್ಕೆಂದು ನಮ್ಮ ದೇಶದ ಕಡೆಗೆ ಹೊರಟು ಸಮುದ್ರದಲ್ಲಿ ಮುಳುಗಿದ. ಆ ದುಃಖದಲ್ಲಿ ತಾವು ಸುಮಾರು ಒಂದು ವರ್ಷ ಹಾಸಿಗೆ ಹಿಡಿದದ್ದನ್ನು ಅವರೇ ಬರೆದಿದ್ದಾರೆ.

ಆಶುವಿನ ಕಡೆಯಿಂದ ಒಂದು ಅಕ್ಷರವೂ ಉಳಿದಿಲ್ಲ. ಅವಳನ್ನು ಕೇಳಿದರೇ, ಅವಳು ಒಪ್ಪಿದಳೇ ಎಂಬುದನ್ನು ನಿಮ್ಮ ಪ್ರಬಂಧ ಎತ್ತಲೇಬೇಕು. ಬಿಡುಗಡೆ ಕೊಟ್ಟವನ ಔದಾರ್ಯವನ್ನಷ್ಟೇ ಹೊಗಳಿ ನಿಲ್ಲಿಸಿದರೆ ಅರ್ಧ ಕೆಲಸವಾದಂತೆ.

ಈ ಕಾಗದಗಳಲ್ಲಿ ಹೆಚ್ಚಿನವು ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿ ಭಾಷೆಯಲ್ಲಿವೆ. ಅದನ್ನು ಓದಲು ಎರಡು ವರ್ಷದ ಶ್ರಮ ಬೇಕು. ಕೇಂಬ್ರಿಜ್ ಗ್ರಂಥಾಲಯದಲ್ಲಿರುವ ಗೆನಿಜಾದ ಪ್ರತಿಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಬೆನ್ ಯಿಜುವಿನ ಲೆಕ್ಕದ ಚೀಟಿಗಳಲ್ಲಿ ಊರಿನ ಜನರ ಹೆಸರುಗಳು ಬರುತ್ತವೆ. ಅರಬ್ಬಿ ಕಿವಿಗೆ ಕೇಳಿಸಿದಂತೆ, ಸ್ವರಗಳನ್ನು ಬಿಟ್ಟು ಹೀಬ್ರೂ ಅಕ್ಷರಕ್ಕಿಳಿಸಿದ ಆ ಹೆಸರುಗಳನ್ನು ಬಿಡಿಸಲು ವಿದ್ವಾಂಸರು ತಿಣುಕಿದ್ದಾರೆ. ಮನೆಯಲ್ಲಿ ತುಳು ಆಡುವವರು ನೀವಾದರೆ ಮೊದಲು ಆ ಪಟ್ಟಿಗಳನ್ನು ತೆಗೆದು ಗಟ್ಟಿಯಾಗಿ ಓದಿ ನೋಡಿ.